ಸರ್ವೀಸ್ ಏನ್ ಕೆಲಸ ಮಾಡತ್ತೆ ಅನ್ನೋದಕ್ಕೆ ಹೆಸರು ಇಡೋದು ಹೇಗೆ: ತೋಟದ ಮಳೆ ಲೆಕ್ಕದಲ್ಲಿ ನಾವು ಕಲ್ತಿದ್ದು

ಜನವರಿಲಿ ನಮ್ಮಲ್ಲಿ ಕಣದ ತುಂಬ ಕಾಫಿ. ಬೆಳಿಗ್ಗೆ ಹರವೋದು, ಮಧ್ಯೆ ಮಧ್ಯೆ ಕೈಯಾಡ್ಸೋದು, ಸಾಯಂಕಾಲ ಗುಡ್ಡೆ ಮಾಡಿ ಟಾರ್ಪಲ್ ಹೊದಿಸೋದು. ಮಧ್ಯಾಹ್ನ ಹೊತ್ತಲ್ಲಿ ಅಕಾಲ ಮಳೆ ಬಂತು ಅಂದ್ರೆ ಮಾತ್ರ ಕಷ್ಟ, ಯಾಕಂದ್ರೆ ಆಗ ಕಣದ ಹತ್ರ ಯಾರೂ ಇರಲ್ಲ, ಎಲ್ಲರೂ ಕುಯ್ಲಿಗೆ ಅಂತ ದೂರದ ಬ್ಲಾಕಲ್ಲಿ ಇರ್ತಾರೆ. ಅದಕ್ಕೇ ನಾವು ಮೂರ್ನಾಲ್ಕು ಜನ ಸೇರಿ ಕೊಡಗಿನ ಸುಂಟಿಕೊಪ್ಪ ಕಡೆಯ ಒಂದಷ್ಟು ತೋಟಗಳಿಗೆ ಒಂದು ವ್ಯವಸ್ಥೆ ಮಾಡಿದ್ವಿ. ತೋಟಕ್ಕೊಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರು, ಅದಕ್ಕೊಂದು ಮಳೆ ಮಾಪಕ, ಕೆಲವು ಕಡೆ ಪಂಪ್ ಆನ್ ಆಫ್ ಮಾಡೋ ರಿಲೇ, ಮೇಲೆ ಕ್ಲೌಡಲ್ಲಿ ಒಂದು ಮಷೀನು. ಗುಡ್ಡದ ಮೇಲಿನ ತೋಟದಲ್ಲಿ ಕಾಲು ಗಂಟೆ ಒಳಗೆ 2 ಮಿಲಿಮೀಟರ್ ದಾಟಿದ್ರೆ ಕೆಳಗಿನ ಕಣದವರ ಫೋನಿಗೆ ಮೆಸೇಜ್ ಹೋಗ್ಬೇಕು, ಇಷ್ಟೇ.

ಒಂದಿನ ಹೋಗ್ಲಿಲ್ಲ. ಮೇಲೆ ಸುರಿದಿದ್ದು 5 ಮಿಲಿಮೀಟರ್, ಕೆಳಗೆ ಎರಡು ದಿನದ ಪಾರ್ಚ್‌ಮೆಂಟ್ (ಸಿಪ್ಪೆ ತೆಗ್ದು ತೊಳೆದು ಒಣಗಕ್ಕೆ ಹಾಕಿದ ಕಾಫಿ ಬೀಜ) ನೆನೆದು ಹೋಯ್ತು. ಆ ತೋಟದ ಅಂಕಲ್ ರೇಗಲಿಲ್ಲ, "ಮಳೆ ನೋಡತ್ತೆ ಅಂದಿದ್ದೆ ಅಲ್ವಾ ಮಗ, ನೋಡ್ತಿತ್ತಾ ಇಲ್ವಾ" ಅಂತ ಮಾತ್ರ ಕೇಳಿದ್ರು. ನೋಡ್ತಿತ್ತು. ಲಾಗ್ ತೆಗ್ದು ನೋಡಿದ್ರೆ ಎಲ್ಲ ಸರಿಯಾಗೇ ನಡೆದಿತ್ತು. ಅಲರ್ಟ್ ಸರ್ವೀಸು, ಅಂದ್ರೆ ಮೆಸೇಜ್ ಕಳಿಸೋ ಪ್ರೋಗ್ರಾಮು, "ರೈನ್ ಅನ್ನೋ ಕೆಲಸ ಯಾರು ಮಾಡ್ತೀರಿ" ಅಂತ ಕೇಳಿದೆ, ಹೊಸದಾಗಿ ಹಾಕಿದ್ದ ಪೈ "ನಾನು" ಅಂದಿದೆ, ಮಳೆ ಎಷ್ಟು ಅಂದಿದ್ದಕ್ಕೆ 0.2 ಅಂದಿದೆ. ಆ ಮಾಪಕ ಇಂಚಲ್ಲಿ ಅಳೆಯೋದು. 0.2 ಇಂಚು ಅಂದ್ರೆ 5 ಮಿಲಿಮೀಟರ್, ಆದ್ರೆ ಅಲರ್ಟ್ ಸರ್ವೀಸಿಗೆ 0.2 ಅನ್ನೋದು 2ಕ್ಕಿಂತ ಕಮ್ಮಿ, ಸುಮ್ನಿತ್ತು. ಎರಡು ಬೇರೆ ಬೇರೆ ಅಳತೆಯ ಉತ್ತರಕ್ಕೆ ನಾವು ಒಂದೇ ಹೆಸರು ಇಟ್ಟಿದ್ವಿ, ನಷ್ಟ ಆಗಿದ್ದು ಅದರಿಂದ.

ಆಮೇಲೆ ಎಲ್ಲ ಹೆಸರನ್ನೂ ಕೂತು ಹೊಸದಾಗಿ ಇಟ್ವಿ. ಅದನ್ನ ಹೇಗೆ ಮಾಡಿದ್ವಿ, ಹಾಗೇ ಯಾಕೆ, ದೊಡ್ಡ ದೊಡ್ಡ ಸಿಸ್ಟಮ್ಮುಗಳಲ್ಲಿ ಇದನ್ನ ಹೇಗೆ ಮಾಡ್ತಾರೆ ಅಂತ ಬರೀತಿದೀನಿ, ಈ ತರ ಸಣ್ಣದೋ ದೊಡ್ಡದೋ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ (ಬೇರೆ ಬೇರೆ ಮಷೀನುಗಳು ಸೇರಿ ಕೆಲಸ ಮಾಡೋದು) ಕಟ್ಟೋರಿಗೆ ಉಪಯೋಗ ಆಗ್ಬಹುದು. ಕೋಡಲ್ಲಿ ಹೆಸರೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರೋದು, ಇಲ್ಲಿ ಓದಕ್ಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲಿ ಬರ್ದಿದೀನಿ ಅಷ್ಟೆ.

ಮೊದಲು ಮೂರು ಹೆಸರನ್ನ ಬೇರೆ ಮಾಡ್ಕೊಳ್ಳಿ

ಜಾಸ್ತಿ ಗೊಂದಲ ಶುರು ಆಗೋದೇ ಇಲ್ಲಿ. ಒಂದು ಸರ್ವೀಸಿನ ವಿಷಯದಲ್ಲಿ ಮೂರು ಹೆಸರು ಇರತ್ತೆ: ಇದು ಯಾವ ಪೆಟ್ಟಿಗೆ, ಇದು ಯಾವ ಜಾತಿಯ ಸಾಫ್ಟ್‌ವೇರು, ಇದರ ಕೈಲಿ ಏನ್ ಕೆಲಸ ಆಗತ್ತೆ. ಮೂರನೇದೇ ಕೇಪಬಿಲಿಟಿ. ನಾವು ಶುರುನಲ್ಲಿ ಮೂರನ್ನೂ ಕಲಸಿ "ಸುಂಟಿಕೊಪ್ಪ-ಪೈ2-ರೈನ್" ಅಂತೆಲ್ಲ ಇಟ್ಟಿದ್ವಿ, ಹಾಗಾಗಿ ಕೇಳೋ ಸರ್ವೀಸಿಗೆ ಯಾವ ಪೈ ಎಲ್ಲಿದೆ ಅಂತ ಮುಂಚೇನೇ ಗೊತ್ತಿರ್ಬೇಕಾಗ್ತಿತ್ತು. ಮಳೆಗಾಲದಲ್ಲಿ ಇದು ನಡೆಯಲ್ಲ. ಜೂನ್ ಜುಲೈಲಿ ಲೈನ್ ಮೇಲೆ ಮರ ಬಿದ್ರೆ ಮೂರು ದಿನ ಕರೆಂಟ್ ಇರಲ್ಲ, ಒಂದು ಪೆಟ್ಟಿಗೆ ಸತ್ರೆ ಪಕ್ಕದ್ದು ಉತ್ತರ ಕೊಡ್ಬೇಕು, ಅದಕ್ಕೆ "ಆ ಪೈ ಎಲ್ಲಿ" ಅಂತ ಕೇಳೋದಲ್ಲ, "ಈ ಕೆಲಸ ಯಾರಿಗೆ ಬರತ್ತೆ" ಅಂತ ಕೇಳ್ಬೇಕು.

ಇದನ್ನ ಬಹಳ ಚೆನ್ನಾಗಿ ಬಿಡಿಸಿ ಇಟ್ಟಿರೋದು ಗ್ರಿಡ್ ಕಂಪ್ಯೂಟಿಂಗ್ ಜನ. ಸರ್ನ್ ಅನ್ನೋ ಯುರೋಪಿನ ಭೌತವಿಜ್ಞಾನ ಸಂಸ್ಥೆಯ ಎಲ್‌ಎಚ್‌ಸಿ (ಪರಮಾಣು ಕಣಗಳನ್ನ ಡಿಕ್ಕಿ ಹೊಡಿಸೋ ಯಂತ್ರ) ಪ್ರಯೋಗದ ಡೇಟಾನ 40ಕ್ಕೂ ಜಾಸ್ತಿ ದೇಶಗಳ ಕಂಪ್ಯೂಟರ್ ಸೆಂಟರ್‌ಗಳು ಹಂಚ್ಕೊಂಡು ಲೆಕ್ಕ ಮಾಡ್ತವೆ, ನಮ್ಮ ದೇಶದಲ್ಲಿ ಮುಂಬೈನ ಟಿಐಎಫ್‌ಆರ್, ಕೋಲ್ಕತಾದ ವಿಇಸಿಸಿ ಅನ್ನೋ ಸಂಶೋಧನಾ ಸಂಸ್ಥೆಗಳು ಅದರಲ್ಲಿ ಇವೆ. ಒಂದೊಂದು ಕಡೆ ಒಂದೊಂದು ಸಾಫ್ಟ್‌ವೇರು, ಆದ್ರೂ "ನಿನ್ನಲ್ಲಿ ಏನೇನ್ ಆಗತ್ತೆ" ಅನ್ನೋದನ್ನ ಒಂದೇ ಭಾಷೇಲಿ ಹೇಳ್ಬೇಕಲ್ಲ, ಅದಕ್ಕೆ ಓಪನ್ ಗ್ರಿಡ್ ಫೋರಮ್ 2009ರಲ್ಲಿ ಗ್ಲೂ 2.0 ಅಂತ ಒಂದು ಮಾದರಿ ಕೊಡ್ತು. ಅದರಲ್ಲಿ ಸರ್ವೀಸ್ ಟೈಪ್ ಬೇರೆ, ಕೇಪಬಿಲಿಟಿ ಬೇರೆ. ಟೈಪಲ್ಲಿ ಯಾರು ಮಾಡಿದ ಸಾಫ್ಟ್‌ವೇರ್ ಅನ್ನೋದು ಇರತ್ತೆ, ಆರ್ಗ್.ನಾರ್ಡುಗ್ರಿಡ್ ಅಂತ ಶುರು ಆಗೋ ತರ. ಕೇಪಬಿಲಿಟಿ ಹೆಸರುಗಳು ಹೀಗೆ:

ಡೇಟಾ.ಟ್ರಾನ್ಸ್‌ಫರ್
ಡೇಟಾ.ಮ್ಯಾನೇಜ್‌ಮೆಂಟ್.ರೆಪ್ಲಿಕಾ
ಸೆಕ್ಯೂರಿಟಿ.ಅಥೆಂಟಿಕೇಶನ್
ಇನ್ಫರ್ಮೇಶನ್.ಡಿಸ್ಕವರಿ

ಇದರಲ್ಲಿ ಯಾವ ಸಾಫ್ಟ್‌ವೇರಿನ ಹೆಸರೂ ಇಲ್ಲ, ಯಾವ ಊರಿನ ಹೆಸರೂ ಇಲ್ಲ ನೋಡಿ. ಒಂದು ಸರ್ವೀಸು ಎಷ್ಟು ಬೇಕಾದ್ರೂ ಕೇಪಬಿಲಿಟಿ ಹೇಳ್ಕೋಬಹುದು. ಪಟ್ಟಿನ ಪೂರ್ತಿ ಮುಚ್ಚಿಟ್ಟಿಲ್ಲ, ಹೊಸದು ಬೇಕಂದ್ರೆ ಸೇರಿಸ್ಕೋಬಹುದು, ಆದ್ರೆ ಇರೋದನ್ನೇ ಬಳಸಿ ಅನ್ನೋದು ಆಶಯ. ನನಗೆ ಇದು ಇವತ್ತಿಗೂ ತುಂಬ ಒಳ್ಳೆ ಮಾದರಿ ಅನ್ಸತ್ತೆ, ಗ್ರಿಡ್ ಅನ್ನೋ ಪದ ಹಳೇದಾಗಿರಬಹುದು, ಆದ್ರೆ ಕುಬರ್ನೆಟಿಸ್ (ತುಂಬ ಮಷೀನುಗಳಲ್ಲಿ ಪ್ರೋಗ್ರಾಮ್ ಓಡಿಸಿ ನೋಡ್ಕೊಳ್ಳೋ ಸಾಫ್ಟ್‌ವೇರು) ಬಳಸೋ ಟೀಮುಗಳಲ್ಲೂ ಇದೇ ಪ್ರಶ್ನೆ ಬರತ್ತೆ.

ಹೆಸರು ಇಡೋ ಮುಂಚೆ ಕೇಳೋರ ಮಾತು ಬರ್ಕೊಳ್ಳಿ

ಇದು ನಾವು ಮಾಡಿದ ಅತಿ ಉಪಯೋಗದ ಕೆಲಸ, ಬರೀ ಒಂದು ನೋಟ್‌ಬುಕ್ ಸಾಕು. ಎಡಗಡೆ ಕೆಲಸ ಕೇಳೋ ಸರ್ವೀಸಿನ ಹೆಸರು, ಬಲಗಡೆ ಅದು ಏನ್ ಕೇಳತ್ತೆ ಅನ್ನೋದನ್ನ ಮನುಷ್ಯರು ಕೇಳೋ ತರ ಬರೀರಿ. ನಮ್ಮ ಪಟ್ಟಿಲಿ "ಈಗ ಮಳೆ ಬೀಳ್ತಿದ್ಯಾ, ಎಷ್ಟು ಜೋರು", "ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಒಟ್ಟು ಎಷ್ಟಾಯ್ತು", "ನಾಳೆ ಬರತ್ತಾ" ಅಂತ ಮೂರು ಸಾಲು ಬಂತು. ಈ ಮೂರಕ್ಕೂ ನಾವು ರೈನ್ ಅಂತ ಒಂದೇ ಹೆಸರು ಇಟ್ಟಿದ್ವಿ ಅಂತ ಅವತ್ತೇ ಕಣ್ಣಿಗೆ ಬಿದ್ದಿದ್ದು. ಒಟ್ಟು ಮಳೆ ಅನ್ನೋದರಲ್ಲೂ ದಿನ ಯಾವಾಗ ಶುರು ಅನ್ನೋದಿದೆ, ಹವಾಮಾನ ಇಲಾಖೆ ಲೆಕ್ಕದಲ್ಲಿ ಮಳೆ ದಿನ ಮುಗಿಯೋದು ಬೆಳಿಗ್ಗೆ 8.30ಕ್ಕೆ, ನಮ್ಮ ಒಂದು ಪೈ ರಾತ್ರಿ 12ಕ್ಕೆ ಸೊನ್ನೆಗೆ ಹೋಗ್ತಿತ್ತು. ಎರಡರ ಅಂಕಿನೂ ಸರಿ, ಪಕ್ಕ ಪಕ್ಕ ಇಟ್ರೆ ಮಾತ್ರ ತಾಳೆ ಆಗ್ತಿರ್ಲಿಲ್ಲ.

ಕೇಳೋರ ಮಾತು ಒಂದೇ ಇದ್ರೆ ಹೆಸರು ಒಂದು, ಮಾತು ಬೇರೆ ಆದ್ರೆ ಹೆಸರು ಬೇರೆ. ಒಳಗಡೆ ಎರಡನ್ನೂ ಒಂದೇ ಪ್ರೋಗ್ರಾಮ್ ಮಾಡ್ತಿದ್ಯಾ, ಎರಡು ಪ್ರೋಗ್ರಾಮ್ ಮಾಡ್ತಿದ್ಯಾ ಅನ್ನೋದು ಕೇಳೋರಿಗೆ ಬೇಕಿಲ್ಲ. ನಾಳಿನ ಮಳೆನ ಇವತ್ತು ಹೊರಗಿನ ಒಂದು ಎಪಿಐಯಿಂದ (ಪ್ರೋಗ್ರಾಮುಗಳು ಮಾತಾಡ್ಕೊಳ್ಳೋ ದಾರಿ) ತರ್ತೀರ, ಮುಂದಿನ ವರ್ಷ ಬೇರೆ ಕಡೆಯಿಂದ ತರ್ಬಹುದು, ಹಾಗಾಗಿ ಆ ಕಂಪನಿ ಹೆಸರು, ಡೇಟಾಬೇಸ್ ಹೆಸರು, ಸೆನ್ಸರ್ ಮಾಡೆಲ್ ನಂಬರು ಯಾವುದೂ ಕೇಪಬಿಲಿಟಿ ಹೆಸರೊಳಗೆ ಬರ್ಬಾರ್ದು.

ಊರಿನ ಹೆಸರಂತೂ ಖಂಡಿತ ಬೇಡ. ನಮ್ಮ ಜಿಲ್ಲೆಯವರಿಗೆ ಇದನ್ನ ವಿವರಿಸಿ ಹೇಳೋದೇ ಬೇಡ ಅನ್ಸತ್ತೆ, ಮಡಿಕೇರಿ ಒಂದು ಕಾಲಕ್ಕೆ ಕಾಗದದಲ್ಲಿ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ, ಕೊಡಗು ಕೂರ್ಗ್, ಇವತ್ತಿಗೂ ಎರಡೂ ಓಡಾಡ್ತವೆ. ಪೊನ್ನಂಪೇಟೆ ವಿರಾಜಪೇಟೆ ತಾಲೂಕಲ್ಲಿತ್ತು, ಈಗ ಅದೇ ಒಂದು ತಾಲೂಕು, ಸೋಮವಾರಪೇಟೆ ತಾಲೂಕಿಂದ ಕುಶಾಲನಗರ ಬೇರೆ ಆಯ್ತು. ತಾಲೂಕಿನ ಹೆಸರನ್ನ ಹೆಸರೊಳಗೆ ಸೇರಿಸಿದ್ದ ನಮ್ಮ ಹಳೇ ಸ್ಕ್ರಿಪ್ಟ್ ಒಂದು ಇದೇ ಕಾರಣಕ್ಕೆ ಪೂರ್ತಿ ಬದಲಾಯಿಸ್ಬೇಕಾಯ್ತು. ಜಾಗ ಅನ್ನೋದು ಪಕ್ಕದಲ್ಲಿ ಒಂದು ಗುಣ ಆಗಿ ಇರ್ಲಿ, ಕುಬರ್ನೆಟಿಸಲ್ಲಿ ಆದ್ರೆ ಲೇಬಲ್, ಡಿಎನ್‌ಎಸ್ ಸರ್ವೀಸ್ ಡಿಸ್ಕವರಿಲಿ (ನೆಟ್‌ವರ್ಕಲ್ಲಿ ಸರ್ವೀಸನ್ನ ತಾನಾಗೇ ಹುಡುಕೋ ಪದ್ಧತಿ) ಆದ್ರೆ ಟಿಎಕ್ಸ್‌ಟಿ ರೆಕಾರ್ಡ್, ಅಂದ್ರೆ ಹೆಸರಿನ ಜೊತೆ ಇಡೋ ಪಠ್ಯ.

ಮನೆತನ ಮುಂದೆ, ಹೆಸರು ಹಿಂದೆ

ಈಗ ಹೆಸರಿನ ಆಕಾರ. ನಮ್ಮಲ್ಲಿ ಕೊಡವರ ಹೆಸರು ಹೇಗಿರತ್ತೆ ನೋಡಿ, ಮೊದಲು ಒಕ್ಕದ, ಅಂದ್ರೆ ಮನೆತನದ, ಹೆಸರು, ಆಮೇಲೆ ತಂದೆ ಹೆಸರು, ಕೊನೆಗೆ ಆ ಮನುಷ್ಯನ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕಾರ್ಯಪ್ಪ, ತಿಮ್ಮಯ್ಯ ಅನ್ನೋ ಹೆಸರಿನೋರು ಊರ ತುಂಬ ಇರ್ಬಹುದು, ಒಕ್ಕದ ಹೆಸರು ಮುಂದೆ ಬಂದ ತಕ್ಷಣ ಯಾರ ಮನೆಯೋರು ಅಂತ ಗೊತ್ತಾಗತ್ತೆ, ಪಟ್ಟಿ ಅಕ್ಷರಮಾಲೆ ಪ್ರಕಾರ ಜೋಡಿಸಿದ್ರೆ ಒಂದು ಒಕ್ಕದೋರೆಲ್ಲ ಒಟ್ಟಿಗೇ ಬರ್ತಾರೆ. ನಮಗೆ ಬೇಕಾಗಿರೋದು ಇದೇ ಕ್ರಮ, ಅಗಲದ್ದು ಮುಂದೆ, ಸಣ್ಣದು ಹಿಂದೆ, ಮಧ್ಯೆ ಚುಕ್ಕಿ.

ಕಾಗದದ ಮೇಲಿನ ವಿಳಾಸ ಇದಕ್ಕೆ ಉಲ್ಟಾ, ಮನೆ, ಗ್ರಾಮ, ಅಂಚೆ, ತಾಲೂಕು, ಜಿಲ್ಲೆ. ಇಂಟರ್ನೆಟ್ ಡೊಮೈನ್ ಹೆಸರೂ ಹಾಗೇ, ಸಣ್ಣದು ಮುಂದೆ. ಅದಕ್ಕೇ ಜಾವಾ ಪ್ಯಾಕೇಜಲ್ಲಿ ಡೊಮೈನ್ ಹೆಸರನ್ನ ತಿರುಗಿಸಿ ಬರ್ಯೋದು, ಕಾಮ್ ಮೊದಲು, ಆಮೇಲೆ ಸಂಸ್ಥೆ, ಆಮೇಲೆ ಉಳಿದಿದ್ದು. ಗ್ಲೂ ಮಾದರಿಲಿ ಸರ್ವೀಸ್ ಟೈಪಿಗೂ ಇದೇ, ಕ್ಲೌಡ್‌ಈವೆಂಟ್ಸ್ ಅಂತ ಈವೆಂಟ್‌ಗಳಿಗೆ ಇರೋ ಮಾದರಿಲೂ ಟೈಪ್ ಅನ್ನೋ ಜಾಗಕ್ಕೆ ತಿರುಗಿಸಿದ ಡೊಮೈನ್ ಮುಂದೆ ಹಾಕಿ ಅಂತಾನೇ ಹೇಳ್ತಾರೆ. ಯಾರ ಹೆಸರಿನ ಜೊತೆಗೂ ನಿಮ್ಮದು ಡಿಕ್ಕಿ ಹೊಡಿಯಲ್ಲ, ಯಾರನ್ನೂ ಕೇಳೋ ಅಗತ್ಯನೂ ಇಲ್ಲ.

ಒಂದೇ ಎಚ್ಚರಿಕೆ, ಆ ಡೊಮೈನ್ ನಿಜವಾಗ್ಲೂ ನಿಮ್ಮದಾಗಿರ್ಬೇಕು, ಮುಂದೆನೂ ನಿಮ್ಮ ಹತ್ರಾನೇ ಇರ್ಬೇಕು. ಕ್ಲೈಂಟ್ ಡೊಮೈನ್ ಹಾಕಿ ಆಮೇಲೆ ಆ ಕಾಂಟ್ರಾಕ್ಟ್ ಮುಗಿದು ಹೋದ್ರೆ ಕಷ್ಟ. ಹೊರಗಿನೋರು ಯಾರೂ ಸೇರದ ಸಣ್ಣ ಸಿಸ್ಟಮ್ ಆದ್ರೆ ಅಷ್ಟುದ್ದ ಬೇಕಾಗಿಲ್ಲ, ಒಂದು ಚಿಕ್ಕ ಮನೆತನದ ಹೆಸರು ಸಾಕು. ನಾವು "ತೋಟ" ಅಂತ ಇಟ್ಕೊಂಡಿದೀವಿ:

ತೋಟ.ರೈನ್‌ಫಾಲ್.ರೇಟ್
ತೋಟ.ರೈನ್‌ಫಾಲ್.ಡೈಲಿ-ಟೋಟಲ್
ತೋಟ.ರೈನ್‌ಫಾಲ್.ಫೋರ್‌ಕಾಸ್ಟ್
ತೋಟ.ಪಂಪ್.ಸ್ವಿಚ್
ತೋಟ.ಅಲರ್ಟ್.ಸೆಂಡ್

ಎಷ್ಟು ಮೆಟ್ಟಿಲು ಇರ್ಬೇಕು? ಮನೆತನ ಬಿಟ್ಟು ಎರಡು ಸಾಕು, ಮೂರು ಆದ್ರೆ ಜಾಸ್ತಿ ಆಯ್ತು ಅಂತ ಯೋಚ್ನೆ ಮಾಡಿ. ಮುಂದೆ ಬೇಕಾಗ್ಬಹುದು ಅಂತ ಮಧ್ಯೆ "ಎನ್ವಿರಾನ್ಮೆಂಟ್.ವೆದರ್.ಪ್ರೆಸಿಪಿಟೇಶನ್" ಅಂತ ಮೆಟ್ಟಿಲು ಕಟ್ಟಿದ್ರೆ ಆಮೇಲೆ ಬಾವಿ ನೀರಿನ ಮಟ್ಟ ಯಾವ ಮೆಟ್ಟಿಲಿಗೆ ಬರತ್ತೆ ಅಂತ ಅರ್ಧ ದಿನ ವಾದ ಆಗತ್ತೆ, ನಮ್ಮಲ್ಲಿ ಆಗಿದೆ.

ಕ್ರಿಯಾಪದ ಕಮ್ಮಿ ಇರ್ಲಿ

ಹೆಸರಿನ ಕೊನೇಲಿ ಬರೋ ಕೆಲಸದ ಪದದ ವಿಷಯಕ್ಕೆ ಬೇರೆಯವರು ಏನ್ ಮಾಡ್ತಾರೆ ನೋಡಿದ್ರೆ ದಾರಿ ಸಿಗತ್ತೆ. ಗೂಗಲ್‌ನ ಎಪಿಐ ನಿಯಮದಲ್ಲಿ ಸ್ಟ್ಯಾಂಡರ್ಡ್ ಮೆಥಡ್ ಐದೇ: ಗೆಟ್, ಲಿಸ್ಟ್, ಕ್ರಿಯೇಟ್, ಅಪ್‌ಡೇಟ್, ಡಿಲೀಟ್. ಇಷ್ಟರಲ್ಲಿ ಆಗದೇ ಇದ್ರೆ ಮಾತ್ರ ಬೇರೆ ಪದ. ಅಮೆಜಾನ್‌ನ ಎಡಬ್ಲ್ಯುಎಸ್ ಅನ್ನೋ ಕ್ಲೌಡಲ್ಲಿ ಪರ್ಮಿಶನ್ ಬರ್ಯೋವಾಗ ಎಸ್3:ಗೆಟ್‌ಆಬ್ಜೆಕ್ಟ್ ಅಂತ, ಸರ್ವೀಸು, ಕೋಲನ್ನು, ಆಮೇಲೆ ಕ್ರಿಯೆ. ಕ್ರಿಯೆ ವಸ್ತುವಿಗಿಂತ ಮುಂದೆ ಇರೋದರಿಂದ ಎಸ್3:ಗೆಟ್ ಬರ್ದು ಸ್ಟಾರ್ ಹಾಕಿದ್ರೆ ಗೆಟ್‌ನಿಂದ ಶುರು ಆಗೋದೆಲ್ಲ ಒಂದೇ ಸಾಲಲ್ಲಿ ಬರತ್ತೆ. ಸ್ಲ್ಯಾಕ್ ಅನ್ನೋ ಚಾಟ್ ಆಪಲ್ಲಿ ಚಾನೆಲ್ಸ್:ರೀಡ್ ಅಂತ, ಅಲ್ಲಿ ವಸ್ತು ಮುಂದೆ, ಕ್ರಿಯೆ ಹಿಂದೆ. ಎರಡೂ ಸರಿ, ಒಂದು ಸಿಸ್ಟಮ್ಮಲ್ಲಿ ಎರಡೂ ಕಲಸೋದು ಮಾತ್ರ ತಪ್ಪು. ನಾನು ವಸ್ತು ಮುಂದೆ ಇಡ್ತೀನಿ, ಯಾಕಂದ್ರೆ ಮಳೆಗೆ ಸಂಬಂಧಪಟ್ಟಿದ್ದೆಲ್ಲ ಒಂದು ಕಡೆ ಕಾಣ್ಬೇಕು.

ಮ್ಯಾನೇಜ್, ಹ್ಯಾಂಡಲ್, ಪ್ರೊಸೆಸ್, ಈ ಮೂರು ಪದ ಯಾವುದಾದ್ರೂ ಹೆಸರಲ್ಲಿ ಕಂಡ್ರೆ ಅಲ್ಲೇ ನಿಲ್ಸಿ. ಪಂಪ್ ಮ್ಯಾನೇಜ್ ಅಂದ್ರೆ ಆನ್ ಮಾಡೋದಾ, ಡೀಸೆಲ್ ಲೆಕ್ಕ ಇಡೋದಾ, ಕೆಟ್ಟೋದ್ರೆ ಹೇಳೋದಾ? ನಮ್ಮ ಜೊತೆ ಕೆಲಸ ಮಾಡೋ ಹುಡುಗ ಪಂಪ್.ಮ್ಯಾನೇಜ್ ಅಂತ ಇಟ್ಟಿದ್ದ, ಯಾಕೆ ಅಂದ್ರೆ "ಅಣ್ಣ, ಮುಂದೆ ಏನೇನ್ ಸೇರತ್ತೋ ಗೊತ್ತಿಲ್ವಲ್ಲ" ಅಂದ. ಮುಂದೆ ಸೇರೋದಕ್ಕೆ ಮುಂದೆ ಹೆಸರು ಇಡೋಣ, ಈಗ ಇರೋದು ಸ್ವಿಚ್ ಅಂತ ಮಾತಾಡಿ ಬದಲಾಯಿಸಿದ್ವಿ.

ಸಂಕ್ಷಿಪ್ತ ಅಕ್ಷರಗಳ ಬಗ್ಗೆನೂ ಒಂದು ಮಾತು. ಕಾಫಿ ರೇಟು ನೋಡೋರಿಗೆಲ್ಲ ಎಪಿ, ಎಸಿ, ಆರ್‌ಪಿ, ಆರ್‌ಸಿ ಗೊತ್ತು, ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, 50 ಕೆಜಿ ಮೂಟೆಗೆ ಇಷ್ಟು ಅಂತ. ಜಾತಿ ಒಂದು, ಸಂಸ್ಕರಣೆ ಒಂದು, ಎರಡಕ್ಷರದಲ್ಲಿ ಮುಗೀತು, ನಿಜವಾಗ್ಲೂ ಒಳ್ಳೆ ವ್ಯವಸ್ಥೆ. ಆದ್ರೆ ಅದೇ ಎಪಿ ನೆಟ್‌ವರ್ಕ್ ಹುಡುಗರಿಗೆ ಆಕ್ಸೆಸ್ ಪಾಯಿಂಟು, ಎಸಿ ಅಂದ್ರೆ ಎಲ್ಲರಿಗೂ ಬೇರೆ. ಚೆರ್ರಿ ಅನ್ನೋ ಪೂರ್ತಿ ಪದಾನೇ ವ್ಯಾಪಾರದಲ್ಲಿ ಒಣಗಿಸಿದ ಕಾಯಿ, ಗಿಡದ ಹತ್ರ ನಿಂತು ಹೇಳಿದ್ರೆ ಹಸಿ ಹಣ್ಣು. ಹೆಸರಲ್ಲಿ ಪೂರ್ತಿ ಬರೀರಿ, ನಾಲ್ಕಕ್ಷರ ಉಳಿಸಿ ಯಾರಿಗೂ ಏನೂ ಸಿಗಲ್ಲ.

ಅಳತೆ ಎಲ್ಲಿ ಬರೀಬೇಕು

ನಮಗೆ ಏಟು ಬಿದ್ದಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಕೊಡಗಲ್ಲಿ ಮಳೆ ಅಂದ್ರೆ ಇಂಚು. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಂದ ದಿನ ಯಾರಿಗೆ ಫೋನ್ ಮಾಡಿದ್ರೂ "ಒಂದು ಇಂಚು ಇಪ್ಪತ್ತು ಸೆಂಟ್ ಆಯ್ತು" ಅಂತಾರೆ, ಇಂಚಿನ ನೂರನೇ ಒಂದು ಭಾಗ ಸೆಂಟು. ಅದೇ ಜನ ಅದೇ ದಿನ ಜಾಗದ ಮಾತು ಬಂದ್ರೆ "ಮೂವತ್ತು ಸೆಂಟ್ ಜಾಗ" ಅಂತಾರೆ, ಅದು ಎಕರೆಯ ನೂರನೇ ಒಂದು ಭಾಗ. ಕೇಳಿಸ್ಕೊಳ್ಳೋ ಮನುಷ್ಯರಿಗೆ ಯಾವ ತೊಂದ್ರೆನೂ ಇಲ್ಲ, ಮಾತಿನ ಸಂದರ್ಭದಿಂದ ಗೊತ್ತಾಗತ್ತೆ. ಪ್ರೋಗ್ರಾಮಿಗೆ ಸಂದರ್ಭ ಅಂತ ಇರೋದು ನೀವು ಕೊಟ್ಟ ಹೆಸರು ಮಾತ್ರ. ಹಾರಂಗಿ ಡ್ಯಾಮಿನ ಮಟ್ಟ ಅಡಿಲೇ ಹೇಳೋದು, ಪೂರ್ತಿ ಮಟ್ಟ 2859 ಅಡಿ, ಒಳಹರಿವು ಕ್ಯುಸೆಕ್, ಹವಾಮಾನ ಇಲಾಖೆ ಮಳೆ ಮಿಲಿಮೀಟರ್. ನಾಲ್ಕು ಕಡೆಯಿಂದ ಡೇಟಾ ತಂದ್ರೆ ನಾಲ್ಕು ತರದ ಅಳತೆ.

ಮೊದಲು ನಾವು ರೈನ್‌ಫಾಲ್-ಇಂಚ್, ರೈನ್‌ಫಾಲ್-ಎಂಎಂ ಅಂತ ಎರಡು ಕೇಪಬಿಲಿಟಿ ಮಾಡಿದ್ವಿ, ಆಮೇಲೆ ಬಿಟ್ವಿ. ಯಾಕಂದ್ರೆ ಆಗ ಕೇಳೋರು ಎರಡನ್ನೂ ಹುಡುಕ್ಬೇಕು, ಕೆಲಸ ನೋಡಿದ್ರೆ ಒಂದೇ. ಈಗ ಹೀಗೆ ಮಾಡಿದೀವಿ: ಕೇಪಬಿಲಿಟಿ ಹೆಸರು ಕೆಲಸ ಏನು ಅನ್ನೋದನ್ನ ಹೇಳತ್ತೆ, ಅದರ ವಿವರಣೆಲಿ ಅಳತೆ ಮಿಲಿಮೀಟರ್ ಅಂತ ಒಂದೇ ಸಲ ಗಟ್ಟಿ ಮಾಡಿದೀವಿ, ಉತ್ತರದ ಒಳಗಿನ ಫೀಲ್ಡ್ ಹೆಸರಲ್ಲಿ ಅಳತೆ ಎದ್ದು ಕಾಣತ್ತೆ, ಅಮೌಂಟ್-ಎಂಎಂ ಅಂತ. ಇಂಚಲ್ಲಿ ಅಳೆಯೋ ಮಾಪಕ ಇದ್ರೆ ಅದರ ಪೈ ಒಳಗೇ 25.4ರಿಂದ ಗುಣಿಸಿ ಕೊಡ್ಬೇಕು, ಇಲ್ಲ ಅಂದ್ರೆ ಆ ಹೆಸರು ಹೇಳ್ಕೊಳ್ಳೋ ಹಾಗಿಲ್ಲ. ಪ್ರೊಮೀಥಿಯಸ್ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸಿದೋರಿಗೆ ಇದು ಗೊತ್ತಿರತ್ತೆ, ಮೆಟ್ರಿಕ್ ಹೆಸರಿನ ಕೊನೇಲಿ ಸೆಕೆಂಡ್ಸ್, ಬೈಟ್ಸ್ ಅಂತ ಮೂಲ ಅಳತೆ ಹಾಕೋದು ಅಲ್ಲಿನ ಪದ್ಧತಿ. ಅಂಕಲ್ ಫೋನಿಗೆ ಹೋಗೋ ಮೆಸೇಜಲ್ಲಿ ಮಾತ್ರ ಇಂಚು ಸೆಂಟಲ್ಲೇ ಬರತ್ತೆ, ತೋರಿಸೋ ಜಾಗದಲ್ಲಿ ಜನರ ಅಳತೆ ಇರ್ಲಿ.

ಅಕ್ಷರ, ಉದ್ದ

ಸಣ್ಣಕ್ಷರ, ಅಂಕಿ, ಹೈಫನ್, ಮಧ್ಯೆ ಚುಕ್ಕಿ. ಇಷ್ಟರಲ್ಲೇ ಇದ್ರೆ ಬಹುತೇಕ ಕಡೆ ನಡೆಯತ್ತೆ. ಕುಬರ್ನೆಟಿಸಲ್ಲಿ ಸರ್ವೀಸಿನ ಹೆಸರು 63 ಅಕ್ಷರ ಮೀರಂಗಿಲ್ಲ, ಅದರಲ್ಲಿ ಚುಕ್ಕಿನೂ ನಡೆಯಲ್ಲ, ಸಣ್ಣಕ್ಷರ ಅಂಕಿ ಹೈಫನ್ ಮಾತ್ರ. ಮನೆ ನೆಟ್‌ವರ್ಕಲ್ಲಿ ಪ್ರಿಂಟರ್ ತಾನಾಗೇ ಸಿಗತ್ತಲ್ಲ, ಆ ಡಿಎನ್‌ಎಸ್ ಸರ್ವೀಸ್ ಡಿಸ್ಕವರಿ 2013ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮದ ದಾಖಲೆ) 6763, ಅದರಲ್ಲಿ ಬಳಸೋ ಸರ್ವೀಸ್ ಹೆಸರಿಗೆ 2011ರ ಆರ್‌ಎಫ್‌ಸಿ 6335 ಪ್ರಕಾರ 15 ಅಕ್ಷರ ಮಾತ್ರ, ಕನಿಷ್ಠ ಒಂದಾದ್ರೂ ಇಂಗ್ಲಿಷ್ ಅಕ್ಷರ ಇರ್ಬೇಕು, ಹೈಫನ್ ಮುಂದೆ ಹಿಂದೆ ಬರಂಗಿಲ್ಲ, ಎರಡು ಹೈಫನ್ ಒಟ್ಟಿಗೆ ಬರಂಗಿಲ್ಲ. ಇಂಗ್ಲಿಷಲ್ಲಿ ರೈನ್‌ಫಾಲ್-ಟೋಟಲ್ ಬರೆದ್ರೆ 14 ಅಕ್ಷರ, ಹಿಡಿಸತ್ತೆ, ರೈನ್‌ಫಾಲ್-ಫೋರ್‌ಕಾಸ್ಟ್ 17, ಹಿಡಿಸಲ್ಲ. ಹಿಡಿಸಕ್ಕೆ ಅಂತ ಹೆಸರನ್ನ ಕತ್ತರಿಸ್ಬೇಡಿ, ಅಲ್ಲಿ ಒಂದು ಚಿಕ್ಕ ಕುಟುಂಬದ ಹೆಸರು ಇಟ್ಟು, ಪೂರ್ತಿ ಕೇಪಬಿಲಿಟಿ ಪಟ್ಟಿನ ಟಿಎಕ್ಸ್‌ಟಿ ರೆಕಾರ್ಡಲ್ಲಿ ಹಾಕಿ.

ಕನ್ನಡದಲ್ಲೇ ಹೆಸರು ಇಡ್ಬಹುದಲ್ವಾ ಅಂತ ನನಗೂ ಆಸೆ ಇತ್ತು. ಮನುಷ್ಯರಿಗೆ ಕಾಣೋ ಹೆಸರು, ಅಂದ್ರೆ ಪೆಟ್ಟಿಗೆಯ ಹೆಸರು, ಅದೇ ಡಿಎನ್‌ಎಸ್ ಡಿಸ್ಕವರಿಲಿ ಯುಟಿಎಫ್-8ನಲ್ಲಿ (ಎಲ್ಲ ಭಾಷೆ ಅಕ್ಷರನೂ ಹಿಡಿಸೋ ಕೋಡಿಂಗ್) ಇರ್ಬಹುದು, ಕನ್ನಡ ಧಾರಾಳವಾಗಿ ನಡೆಯತ್ತೆ, ಆದ್ರೆ ಮಿತಿ 63 ಬೈಟು. ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ (ಒಂದು ಮೂಲ ಅಕ್ಷರ ಅಥವಾ ಚಿಹ್ನೆಯ ಸಂಖ್ಯೆ) ಮೂರು ಬೈಟ್, ಹಾಗಾಗಿ 21 ಕೋಡ್‌ಪಾಯಿಂಟಿಗೆ ಮುಗಿದೋಯ್ತು. ಮಡಿಕೇರಿ ಅನ್ನೋದು ನಮ್ಮ ಕಣ್ಣಿಗೆ ನಾಲ್ಕಕ್ಷರ, ಒಳಗೆ ಸ್ವರಚಿಹ್ನೆಗಳೆಲ್ಲ ಸೇರಿ 7, ಅಂದ್ರೆ 21 ಬೈಟ್, ಮೂರನೇ ಒಂದು ಭಾಗ ಅಲ್ಲೇ ಹೋಯ್ತು. ಚಿಕ್ಕದಾಗಿ ಇಡಿ, ಆದ್ರೆ ಇಡಿ. ನಮ್ಮ ಪೆಟ್ಟಿಗೆಗಳಿಗೆಲ್ಲ "ಮೇಲಿನ ಕಣ", "ಕೆರೆ ಪಂಪ್" ಅಂತ ಕನ್ನಡದಲ್ಲೇ ಇದೆ, ತೋಟದೋರು ಫೋನಲ್ಲಿ ಓದೋದು ಅದನ್ನೇ.

ಮಷೀನು ಹೋಲಿಸಿ ನೋಡೋ ಕೇಪಬಿಲಿಟಿ ಹೆಸರಿಗೆ ಮಾತ್ರ ಕನ್ನಡ ಬೇಡ ಅಂತೀನಿ, ಅಭಿಮಾನ ಇಲ್ಲದೆ ಅಲ್ಲ. "ನ್" ಅಂತ ಕೊನೆ ಆಗೋ ಪದನ ಒಂದು ಕೀಬೋರ್ಡು ಹಲಂತ ಚಿಹ್ನೆ ಹಾಕಿ ನಿಲ್ಸತ್ತೆ, ಇನ್ನೊಂದು ಅದರ ಹಿಂದೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಕೂಡ ಸೇರ್ಸತ್ತೆ. ಸ್ಕ್ರೀನ್ ಮೇಲೆ ಎರಡೂ ಒಂದೇ, ಹೋಲಿಸಿದ್ರೆ ಬೇರೆ. "ಕೊ" ಅನ್ನೋದನ್ನೂ ಒಂದು ಸ್ವರಚಿಹ್ನೆ ಆಗಿ ಅಥವಾ ಎರಡು ತುಂಡಾಗಿ ಬರ್ಯಕ್ಕೆ ಬರತ್ತೆ, ಅದನ್ನ ಎನ್‌ಎಫ್‌ಸಿ ನಾರ್ಮಲೈಸೇಶನ್ (ಬೇರೆ ಬೇರೆ ತರ ಬರೆದಿದ್ದನ್ನ ಒಂದೇ ರೂಪಕ್ಕೆ ತರೋದು) ಸರಿ ಮಾಡತ್ತೆ, ಆದ್ರೆ ಆ ಕಾಣದ ಅಕ್ಷರನ ಎನ್‌ಎಫ್‌ಸಿ ತೆಗಿಯಲ್ಲ. ಕನ್ನಡದ ಹೆಸರನ್ನ ಎಲ್ಲಾದ್ರೂ ಹುಡುಕಾಟಕ್ಕೆ ಬಳಸೋದಾದ್ರೆ ಇವೆರಡನ್ನೂ ನೀವೇ ತೊಳೆದು ಇಟ್ಕೊಳ್ಬೇಕು.

ವರ್ಶನ್, ಪ್ರಯೋಗದ ಹೆಸರು

ಹೆಸರಲ್ಲಿ ದೊಡ್ಡ ವರ್ಶನ್ ಮಾತ್ರ, ವಿ1, ವಿ2. ಹಳೇ ಉತ್ತರಕ್ಕೆ ಹೊಸ ಫೀಲ್ಡ್ ಸೇರಿದ್ರೆ ವರ್ಶನ್ ಏರ್ಸೋದು ಬೇಡ. ಇರೋ ಫೀಲ್ಡಿನ ಅರ್ಥ ಬದಲಾದ್ರೆ, ಉದಾಹರಣೆಗೆ ಮಳೆ ದಿನ ರಾತ್ರಿ 12ರಿಂದ ಬೆಳಿಗ್ಗೆ 8.30ಕ್ಕೆ ಹೋದ್ರೆ, ಅಂಕಿ ಎಂಎಂಲೇ ಇದ್ರೂ ಅದು ವಿ2. ಅರ್ಥ ಬದಲಾಯಿಸಿ ಹೆಸರು ಹಾಗೇ ಇಡೋದು ಎಲ್ಲಕ್ಕಿಂತ ಕೆಟ್ಟದ್ದು, ಯಾವ ಎರರ್ರೂ ಬರಲ್ಲ, ಅಂಕಿ ಬರತ್ತೆ, ತಪ್ಪಾಗಿರತ್ತೆ. ಬರೀ ಅಂಕಿನೇ ಹೆಸರು ಮಾಡೋದೂ ಬೇಡ, ವೆಬ್‌ಡ್ಯಾವ್‌ನಲ್ಲಿ (ವೆಬ್ ಮೂಲಕ ಫೈಲ್ ತಿದ್ದೋ ಪದ್ಧತಿ) ಸರ್ವರ್ ತನ್ನ ಶಕ್ತಿನ 1, 2 ಅಂತ ಹೇಳ್ಕೊಳ್ಳತ್ತೆ, 2 ಅಂದ್ರೆ ಲಾಕ್ ಮಾಡಕ್ಕೆ ಬರತ್ತೆ ಅಂತ ತಿಳಿಬೇಕಾದ್ರೆ ಪುಸ್ತಕ ತೆಗೀಬೇಕು.

ಪ್ರಯೋಗದಲ್ಲಿರೋದಕ್ಕೆ ಎಕ್ಸ್-ಹೈಫನ್ ಹಾಕೋ ಹಳೇ ರೂಢಿ ಇತ್ತಲ್ಲ, ಅದನ್ನ ಬಿಡಿ ಅಂತ 2012ರಲ್ಲೇ ಆರ್‌ಎಫ್‌ಸಿ 6648 ಹೇಳಿದೆ. ಕಾರಣ ಸರಳ, ಪ್ರಯೋಗ ಅಂತ ಇಟ್ಟಿದ್ದು ಜನ ಬಳಸಕ್ಕೆ ಶುರು ಮಾಡಿದ್ಮೇಲೆ ತೆಗಿಯಕ್ಕಾಗಲ್ಲ, ಎಕ್ಸ್ ಇರೋದೂ ಇಲ್ಲದೇ ಇರೋದೂ ಎರಡೂ ಶಾಶ್ವತವಾಗಿ ಉಳೀತವೆ. ಎಚ್‌ಟಿಟಿಪಿಲಿ ರೆಫರರ್ ಅನ್ನೋ ಹೆಡರ್‌ನ ಸ್ಪೆಲಿಂಗಲ್ಲಿ ಒಂದು ಆರ್ ಬಿಟ್ಟು ಹೋಗಿದೆ, 1996ರ ಆರ್‌ಎಫ್‌ಸಿ 1945ರಲ್ಲಿ ಹಾಗೇ ಬಂತು, ಇವತ್ತಿಗೂ ಪ್ರತಿ ಬ್ರೌಸರು ಅದೇ ತಪ್ಪು ಸ್ಪೆಲಿಂಗ್ ಕಳಿಸತ್ತೆ. ಹಾಗಾಗಿ ಪ್ರಯೋಗದ ಹೆಸರನ್ನೂ ಉಳಿಯೋ ಹೆಸರಿನ ತರಾನೇ ಇಡಿ, ಪ್ರಯೋಗ ಅನ್ನೋದನ್ನ ಪಕ್ಕದ ಗುಣದಲ್ಲಿ ಹೇಳಿ. ಗ್ಲೂ ಮಾದರಿಲಿ ಇದಕ್ಕೆ ಕ್ವಾಲಿಟಿ ಲೆವೆಲ್ ಅಂತಾನೇ ಇದೆ, ಡೆವಲಪ್‌ಮೆಂಟ್, ಟೆಸ್ಟಿಂಗ್, ಪ್ರೀ-ಪ್ರೊಡಕ್ಷನ್, ಪ್ರೊಡಕ್ಷನ್ ಅಂತ. ಬೇರೆಯವರ ಪಟ್ಟಿಗೆ ನಿಮ್ಮದು ಸೇರಿಸೋದಾದ್ರೆ ವೆಬ್‌ಡ್ರೈವರ್ (ಪ್ರೋಗ್ರಾಮಿಂದ ಬ್ರೌಸರ್ ಓಡಿಸೋ ಪದ್ಧತಿ) ದಾರಿ ನೋಡಿ, ಬ್ರೌಸರ್ ಕಂಪನಿಗಳ ಸ್ವಂತ ಕೇಪಬಿಲಿಟಿಲಿ ಕೋಲನ್ ಇರ್ಲೇಬೇಕು, ಗೂಗ್:ಕ್ರೋಮ್‌ಆಪ್ಷನ್ಸ್ ತರ.

ಬರತ್ತೆ ಅನ್ನೋದು ಬೇರೆ, ಈಗ ಆಗತ್ತೆ ಅನ್ನೋದು ಬೇರೆ

ಪೈಗೆ ಪಂಪ್ ಆನ್ ಮಾಡಕ್ಕೆ ಬರತ್ತೆ, ಆದ್ರೆ ಕರೆಂಟ್ ಇಲ್ಲ. ಆಗ ಕೇಪಬಿಲಿಟಿ ಪಟ್ಟಿಯಿಂದ ಪಂಪ್.ಸ್ವಿಚ್ ತೆಗಿಬೇಕಾ? ಬೇಡ, ಪಟ್ಟಿ ಹಾಗೇ ಇರ್ಲಿ, ಸ್ಥಿತಿ ಅಂತ ಬೇರೆ ಫೀಲ್ಡ್ ಇಡಿ, ಸರಿ ಇದೆ, ತೊಂದ್ರೆ ಇದೆ, ಗೊತ್ತಿಲ್ಲ ಅಂತ. ಯಾರಿಗೆ ಅನುಮತಿ ಇದೆ ಅನ್ನೋದು ಮೂರನೇ ವಿಷಯ. ಮೂರನ್ನೂ ಹೆಸರಲ್ಲಿ ತುರುಕಿದ್ರೆ ಪಂಪ್.ಸ್ವಿಚ್-ಓನರ್-ಓನ್ಲಿ ತರದ್ದೆಲ್ಲ ಹುಟ್ಕೊಳ್ಳತ್ತೆ.

ಗೊತ್ತಿಲ್ಲದ ಹೆಸರು ಕಂಡ್ರೆ ಕೇಳೋರು ಸುಮ್ನೆ ದಾಟಿ ಹೋಗ್ಬೇಕು, ಎರರ್ ಕೊಟ್ಟು ನಿಲ್ಬಾರ್ದು. ಈಮೇಲ್ ಸರ್ವರ್‌ಗಳು 1990ರ ದಶಕದಿಂದ ಹೀಗೇ ನಡೀತಿರೋದು, ಇಹೆಚ್‌ಎಲ್‌ಒ ಅಂತ ನಮಸ್ಕಾರ ಹೇಳಿದ್ರೆ ಎದುರಿನ ಸರ್ವರು ಸೈಜ್, ಸ್ಟಾರ್ಟ್‌ಟಿಎಲ್‌ಎಸ್, ಪೈಪ್‌ಲೈನಿಂಗ್ ಅಂತ ತನಗೆ ಬರೋದನ್ನೆಲ್ಲ ಒಂದೊಂದು ಸಾಲಲ್ಲಿ ಹೇಳತ್ತೆ, ಕೇಳೋರು ತಮಗೆ ಗೊತ್ತಿರೋದನ್ನ ಎತ್ಕೊಂಡು ಉಳಿದಿದ್ದನ್ನ ಬಿಡ್ತಾರೆ. ಹಳೇ ಸರ್ವರು ಹೊಸ ಸರ್ವರು ಇಷ್ಟು ವರ್ಷ ಒಟ್ಟಿಗೆ ಬಾಳ್ವೆ ಮಾಡಿರೋದು ಅದರಿಂದ.

ಹಳೇ ಹೆಸರಿಂದ ಹೊಸದಕ್ಕೆ ಹೋಗೋದು

ಮೊದಲು ಒಂದು ಫೈಲ್ ಮಾಡಿ, ಎಲ್ಲ ಕೇಪಬಿಲಿಟಿ ಹೆಸರು ಅದರಲ್ಲೇ. ಹೆಸರು, ಒಂದು ಸಾಲಿನ ಅರ್ಥ, ಅಳತೆ, ಯಾವತ್ತು ಸೇರ್ತು, ಯಾರನ್ನ ಕೇಳ್ಬೇಕು. ಅರ್ಥನ ಒಂದು ಸಾಲಲ್ಲಿ ಬರ್ಯಕ್ಕಾಗ್ತಿಲ್ಲ ಅಂದ್ರೆ ಅಲ್ಲಿ ಎರಡು ಕೆಲಸ ಸೇರ್ಕೊಂಡಿದೆ ಅಂತ ತಿಳ್ಕೊಳ್ಳಿ. ಫೈಲಲ್ಲಿ ಇಲ್ಲದ ಹೆಸರನ್ನ ಯಾವ ಪೆಟ್ಟಿಗೆ ಹೇಳ್ಕೊಂಡ್ರೂ ನಮ್ಮ ಟೆಸ್ಟ್ ಫೇಲ್ ಆಗತ್ತೆ, ಇದನ್ನ ಮೊದಲ ದಿನಾನೇ ಹಾಕಿ, ಇಲ್ಲ ಅಂದ್ರೆ ಒಂದು ತಿಂಗಳಲ್ಲಿ ರೈನ್‌ಫಾಲ್, ರೈನ್-ಫಾಲ್, ರೇನ್ ಅಂತ ಮೂರು ಆಗಿರತ್ತೆ.

ಆಮೇಲೆ ಎಲ್ಲ ಪೆಟ್ಟಿಗೆನೂ ಹಳೇ ಹೆಸರು ಹೊಸ ಹೆಸರು ಎರಡನ್ನೂ ಹೇಳ್ಕೊಳ್ಳೋ ಹಾಗೆ ಮಾಡಿ. ಒಂದು ವಿನಾಯಿತಿ, ಹಳೇ ಹೆಸರಿಗೆ ಎರಡು ಅರ್ಥ ಇದ್ರೆ, ನಮ್ಮ ರೈನ್ ತರ, ಅದನ್ನ ಮುಂದುವರಿಸ್ಬೇಡಿ, ಕೂಡ್ಲೇ ತೆಗೀರಿ, ಕೇಳೋರಿಗೆ ಎರರ್ ಬಂದ್ರೂ ಪರವಾಗಿಲ್ಲ, ತಪ್ಪು ಅಂಕಿಗಿಂತ ವಾಸಿ. ಆಮೇಲೆ ಕೇಳೋರನ್ನ ಒಬ್ಬೊಬ್ಬರಾಗಿ ಹೊಸ ಹೆಸರಿಗೆ ತನ್ನಿ, ಹಳೇ ಹೆಸರಲ್ಲಿ ಯಾರಾದ್ರೂ ಕೇಳಿದ್ರೆ ಲಾಗಲ್ಲಿ ಒಂದು ಸಾಲು ಬೀಳ್ಲಿ. ಆ ಸಾಲು ಪೂರ್ತಿ ನಿಂತ ಮೇಲೆ ಹಳೇದನ್ನ ತೆಗೀರಿ, ಆದ್ರೆ ಫೈಲಲ್ಲಿ "ಮುಗಿದಿದೆ, ಮತ್ತೆ ಬಳಸೋ ಹಾಗಿಲ್ಲ" ಅಂತ ಬರ್ದು ಇಟ್ಕೊಳ್ಳಿ. ಎಷ್ಟು ದಿನ ಕಾಯ್ಬೇಕು ಅನ್ನೋದಕ್ಕೆ ನಾವು ಕ್ಯಾಲೆಂಡರ್ ನೋಡಲ್ಲ, ಒಂದು ಪೂರ್ತಿ ಸುತ್ತು ನೋಡ್ತೀವಿ: ಕಣದ ಅಲರ್ಟ್ ಜನವರಿಲಿ, ಹೂಮಳೆ ಲೆಕ್ಕ ಮಾರ್ಚ್ ಏಪ್ರಿಲ್ಲಲ್ಲಿ, ಒಟ್ಟು ಮಳೆ ಜುಲೈ ಆಗಸ್ಟಲ್ಲಿ ಕೇಳೋದು, ವರ್ಷಕ್ಕೆ ಒಂದೇ ಸಲ ಓಡೋ ಪ್ರೋಗ್ರಾಮು ಹಳೇ ಹೆಸರನ್ನ ಹಿಡ್ಕೊಂಡು ಎಲ್ಲೋ ಕೂತಿರತ್ತೆ.

ನಮ್ಮಲ್ಲಿ ಈಗ ಹಳೇ ಹೆಸರು ಉಳಿದಿರೋದು ಒಂದೇ, ಕೆರೆ ಪಂಪಿನದ್ದು. ಮಾರ್ಚಲ್ಲಿ ಹೂಮಳೆ ತಡ ಆಗಿ ಸ್ಪ್ರಿಂಕ್ಲರ್ ಹಾಕಿದಾಗ ಯಾರು ಅದನ್ನ ಹಳೇ ಹೆಸರಲ್ಲಿ ಕೇಳ್ತಾರೆ ಅಂತ ಲಾಗ್ ನೋಡಿ, ಅದಾದ್ಮೇಲೆ ತೆಗಿತೀವಿ.